ಗಾಲೆಯ ಕೋಟೆಯಿಂದ ಕಾವೇರಿಯ ದಡಕ್ಕೆ

ರಾಗಿಯ ಒಕ್ಕಣೆ ಮುಗಿಸಿ ಸಮುದ್ರ ನೋಡಲೆಂದು ಹೊರಟ ಸಮೇತನಹಳ್ಳಿಯ ದಂಪತಿಗಳಿಗೆ ಲಂಕೆಯ ದಕ್ಷಿಣ ತೀರದಲ್ಲಿ ಎದುರಾದದ್ದು ಮೈಸೂರಿನದೇ ಕಥೆ. 1796ರಲ್ಲಿ ಗಾಲೆ ಕೈಬದಲಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಆ ಮೂರು ವರ್ಷಗಳ ನಡುವೆ ಕಡಲು ದಾಟಿ ಬಂದದ್ದು ಒಂದು ಪಲ್ಟಣ.

ಸೂರ್ಯನು ನೀರಿನಿಂದ ಎರಡಾಳೆತ್ತರದಲ್ಲಿ ಉಳಿದಿದ್ದ ಹೊತ್ತಿಗೆ ನಾವಿಬ್ಬರೂ ಗಾಲೆಯ ಕೋಟೆಯ ದಕ್ಷಿಣದ ಮೂಲೆಯಲ್ಲಿರುವ ಧ್ವಜದ ಬಂಡೆಯನ್ನು ಬಂದು ಮುಟ್ಟಿದ್ದೆವು. ಕೆಳಗೆ ಅಲೆಗಳು ಕಪ್ಪು ಬಂಡೆಗಳ ಸಂದಿನಲ್ಲಿ ನುಗ್ಗಿ, ಬೆಳ್ಳಗೆ ಒಡೆದು, ಉಕ್ಕಿದ ಹಾಲು ಒಲೆಯ ಉರಿ ತಗ್ಗಿದೊಡನೆ ಇಳಿಯುವಂತೆ ಇಳಿದುಹೋಗುತ್ತಿದ್ದವು. ಮೇಲೆ, ಡಚ್ಚರು ಕಟ್ಟಿದ ಗೋಡೆಯ ಅಗಲವಾದ ಬೆನ್ನಿನ ಮೇಲೆ, ಶಾಲೆ ಬಿಟ್ಟು ಬಂದ ಹುಡುಗರು ಗಾಳಿಪಟದ ದಾರವನ್ನು ಬೆರಳಿಗೆ ಸುತ್ತಿಕೊಂಡು ಓಡುತ್ತಿದ್ದರು.

ನನ್ನ ಧರ್ಮಪತ್ನಿ ಕಡಲನ್ನು ನೋಡಲಿಲ್ಲ. ಬಾಗಿ, ಗೋಡೆಯ ಕಲ್ಲಿನ ಮೇಲೆ ಅಂಗೈಯನ್ನಿಟ್ಟು, ಸಂತೆಯಲ್ಲಿ ಸೀರೆಯ ನೂಲನ್ನು ಪರೀಕ್ಷಿಸುವಂತೆ ಮೆಲ್ಲಗೆ ಸವರಿದಳು.

“ರೀ, ಇಲ್ಲಿ ನೋಡಿ. ಈ ಕಲ್ಲಿನೊಳಗೆಲ್ಲ ಜೇನುಗೂಡು ಇದ್ದ ಹಾಗೆ ಐತೆ.”

ಅದು ಹವಳದ ಕಲ್ಲು. ಬಂಡೆಗಲ್ಲಿನ ಜೊತೆಗೆ ಸಮುದ್ರದ ತಳದಿಂದ ಕಡಿದು ತಂದ ಹವಳದ ದಿಮ್ಮಿಗಳನ್ನೂ ಸುಣ್ಣದ ಗಾರೆಯಲ್ಲಿ ಕೂಡಿಸಿ ಈ ಗೋಡೆಯನ್ನು ಎಬ್ಬಿಸಿದ್ದಾರೆ. ಒಂದು ಕಾಲದಲ್ಲಿ ಜೀವವಿದ್ದ ಕಲ್ಲು ಅದು. ಅದರ ಸಣ್ಣ ಸಣ್ಣ ಕೋಶಗಳಲ್ಲಿ ವಾಸವಿದ್ದ ಜೀವಿಗಳು ಹೋಗಿ ಶತಮಾನಗಳು ಕಳೆದರೂ ಮನೆಗಳ ಗುರುತು ಹಾಗೆಯೇ ನಿಂತಿದೆ. ಅರ್ಧ ಗಂಟೆ ಅವಳು ಆ ಕಲ್ಲನ್ನು ಬಿಟ್ಟು ಏಳಲಿಲ್ಲ.

ಮಾರ್ಗಶಿರದ ಬಳಿಕ

ಹೊಸಕೋಟೆ ತಾಲ್ಲೂಕಿನ ನಮ್ಮ ಸಮೇತನಹಳ್ಳಿಯ ಒಂದು ಮಗ್ಗುಲಿಗೆ ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳು ವರ್ಷ ವರ್ಷಕ್ಕೆ ಹತ್ತಿರವಾಗುತ್ತಿವೆ. ಇನ್ನೊಂದು ಮಗ್ಗುಲಿಗೆ ರಾಗಿ, ಅವರೆ, ದ್ರಾಕ್ಷಿ, ಹೂವು ಇನ್ನೂ ಉಳಿದಿವೆ. ಸಮುದ್ರಮಟ್ಟಕ್ಕಿಂತ ಸುಮಾರು ಒಂಬೈನೂರು ಮೀಟರು ಎತ್ತರದ ಈ ಬಯಲಿನಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರದ ನೀರು ಕಾಲಿಗೆ ತಾಗಬೇಕಾದರೆ ಮುನ್ನೂರು ಕಿಲೋಮೀಟರಿನ ಆಸುಪಾಸು ಪಯಣಿಸಬೇಕು. ದೊಡ್ಡ ನೀರು ಎಂದರೆ ನಮಗೆ ಹೊಸಕೋಟೆಯ ದೊಡ್ಡಕೆರೆಯೇ.

2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದಂದಿನಿಂದ ನಮ್ಮ ಭಾಗದ ಆಕಾಶದಲ್ಲಿ ವಿಮಾನಗಳು ಕಾಣದ ದಿನವಿಲ್ಲ. ಕಣದಲ್ಲಿ ರಾಗಿ ತೂರುತ್ತ ನಿಂತ ಮನೆಯವಳು ತಲೆಯೆತ್ತಿ, “ಇದು ಎಲ್ಲಿಗೆ ಹೋಗುತ್ತೋ” ಎಂದು ಎಷ್ಟು ಸಲ ಕೇಳಿದ್ದಾಳೋ ಲೆಕ್ಕವಿಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಚರಿತ್ರೆಯನ್ನು ಪಾಠ ಹೇಳಿ ನಿವೃತ್ತನಾದ ನಾನು ಆ ಪ್ರಶ್ನೆಗೆ ಒಂದು ಸಲವಾದರೂ ಸರಿಯಾದ ಉತ್ತರ ಕೊಡಬೇಕೆಂದು ಬಹುಕಾಲದಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದೆ.

ಕಾಲವೂ ಕೂಡಿಬಂದಿತು. ನೈಋತ್ಯ ಮಾರುತ ಬೀಸುವ ತಿಂಗಳುಗಳಲ್ಲಿ ಲಂಕೆಯ ದಕ್ಷಿಣ ಹಾಗೂ ಪಶ್ಚಿಮ ತೀರಗಳಲ್ಲಿ ಕಡಲು ಕೆರಳಿರುತ್ತದೆ. ಡಿಸೆಂಬರಿನಿಂದ ಮಾರ್ಚಿಯವರೆಗೆ ಶಾಂತವಾಗಿರುತ್ತದೆ. ನಮ್ಮಲ್ಲಿ ಒಕ್ಕಣೆ ಮುಗಿದು, ಮನೆ ಮನೆಯಲ್ಲಿ ಅವರೆಕಾಯಿಯ ಸೊಗಡು ತುಂಬಿ, ರೈತನ ಕೈಗೆ ತುಸು ಬಿಡುವು ಸಿಕ್ಕುವುದೂ ಅದೇ ಕಾಲದಲ್ಲಿ. ಬೆಂಗಳೂರಿನಿಂದ ಕೊಲಂಬೊ ನಗರಕ್ಕೆ ವಿಮಾನದಲ್ಲಿ ಒಂದೂವರೆ ಗಂಟೆಯ ಪಯಣ. ನಮ್ಮೂರಿನಿಂದ ವಿಮಾನ ನಿಲ್ದಾಣಕ್ಕೆ ಸೇರುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಿಡಿಯಿತು.

ಧೂಮದ ರಥ

ಕೊಲಂಬೊ ಕೋಟೆಯ ನಿಲ್ದಾಣದಿಂದ ಹೊರಟ ರೈಲು ನಗರವನ್ನು ದಾಟುತ್ತಲೇ ಸಮುದ್ರದ ಅಂಚನ್ನು ಹಿಡಿಯುತ್ತದೆ. ಹಿಡಿಯುತ್ತದೆ ಎಂಬುದು ಅಲಂಕಾರದ ಮಾತಲ್ಲ. ಹಳಿಗೂ ನೀರಿಗೂ ನಡುವೆ ಕೆಲವೆಡೆ ಹತ್ತು ಹದಿನೈದು ಹೆಜ್ಜೆಯ ಮರಳು ಮಾತ್ರ ಉಳಿದಿದ್ದು, ತೆರೆದ ಕಿಟಕಿಯಿಂದ ತುಂತುರು ಹಾರಿ ಬಂದು ತುಟಿಯ ಮೇಲೆ ಉಪ್ಪಾಗಿ ಕೂರುತ್ತದೆ. 1894ರಲ್ಲಿ ಗಾಲೆಯನ್ನೂ ಮರುವರ್ಷ ಮಾತರವನ್ನೂ ಮುಟ್ಟಿದ ಈ ದಾರಿಯಲ್ಲಿ, ಬುಟ್ಟಿ ಹೊತ್ತ ಮಾರಾಟಗಾರರು “ವಡೇ, ವಡೇ, ಇಸ್ಸೋ ವಡೇ” ಎಂದು ರಾಗವೆಳೆಯುತ್ತ ಡಬ್ಬಿಯಿಂದ ಡಬ್ಬಿಗೆ ನಡೆಯುತ್ತಾರೆ. ಇಸ್ಸೋ ಎಂದರೆ ಸೀಗಡಿ. ಬೇಳೆಯ ವಡೆಯ ನೆತ್ತಿಯ ಮೇಲೆ ಇಡಿಯ ಸೀಗಡಿಯನ್ನು ಒತ್ತಿ ಕರಿದಿರುತ್ತಾರೆ.

ಕನ್ನಡಿಗನ ಕಿವಿಗೆ ಸಿಂಹಳ ಭಾಷೆ ಮೊದಲ ದಿನ ಪೂರ್ತಿ ಅಪರಿಚಿತ. ಎರಡನೆಯ ದಿನ ಅದರೊಳಗಿನಿಂದ ನಮ್ಮ ಪದಗಳು ಒಂದೊಂದಾಗಿ ತಲೆಯೆತ್ತತೊಡಗುತ್ತವೆ. ರೈಲಿಗೆ ಅವರು ‘ದುಮ್ರಿಯ’ ಎನ್ನುತ್ತಾರೆ: ಧೂಮವನ್ನುಗುಳುವ ರಥ. ಬೀದಿಗೆ ‘ವೀದಿಯ’. ಎದುರಾದವರಿಗೆ ಕೈಮುಗಿದು ‘ಆಯುಬೋವನ್’ ಎಂದರೆ ಆಯುಷ್ಯ ಹೆಚ್ಚಲಿ ಎಂಬ ಹರಕೆ. ಉಪಕಾರ ಮಾಡಿದವರಿಗೆ ‘ಸ್ತುತಿ’ ಎನ್ನಬೇಕು. ದೇವರಿಗೆ ಮಾತ್ರ ಮೀಸಲೆಂದು ನಾವು ಎತ್ತಿಟ್ಟಿರುವ ಶಬ್ದವನ್ನು ಆ ಜನ ಎಳನೀರು ಕೊಟ್ಟವನಿಗೂ ಪ್ರತಿದಿನ ಸಲ್ಲಿಸುತ್ತಾರೆ. ಈ ಬಳಕೆ ನನಗೆ ಬಹಳ ಹಿಡಿಸಿತು.

ಹಿಕ್ಕಡುವೆಯ ಹತ್ತಿರ ಪೆರಾಲಿಯ ಎಂಬ ಹಳ್ಳಿ ಬಂದಾಗ ಡಬ್ಬಿಯೊಳಗಿನ ಮಾತು ತಾನಾಗಿ ತಗ್ಗಿತು. 2004ರ ಡಿಸೆಂಬರ್ 26ರ ಬೆಳಗ್ಗೆ, ಸುನಾಮಿಯ ಮೊದಲ ಅಲೆಗೆ ಹೆದರಿದ ಊರಿನವರು ನಿಂತಿದ್ದ ರೈಲನ್ನೇ ಆಸರೆಯೆಂದು ನಂಬಿ ಹತ್ತಿಕೊಂಡರು. ಅದಕ್ಕಿಂತ ಎತ್ತರವಾಗಿ ಬಂದ ಮುಂದಿನ ಅಲೆ ಡಬ್ಬಿಗಳನ್ನು ಹಳಿಯಿಂದ ಕಿತ್ತೆಸೆಯಿತು. ಸಾವಿರಕ್ಕೂ ಮಿಕ್ಕ ಜನ ಅಲ್ಲಿ ಪ್ರಾಣಬಿಟ್ಟರು. ಲೋಕದ ರೈಲ್ವೆ ಚರಿತ್ರೆಯಲ್ಲಿ ಅದಕ್ಕಿಂತ ದೊಡ್ಡ ದುರಂತವಿಲ್ಲವೆಂದು ಹೇಳುತ್ತಾರೆ. ಇಂದು ಹಳಿಯ ಸಮೀಪದಲ್ಲಿ, ಬಾಮಿಯಾನಿನಲ್ಲಿ ಒಡೆದುಹೋದ ಬುದ್ಧನ ಮಾದರಿಯಲ್ಲಿ ನಿಲ್ಲಿಸಿರುವ ಎತ್ತರದ ಪ್ರತಿಮೆಯೊಂದು ಕೈಯೆತ್ತಿ ಅಭಯ ಕೊಡುತ್ತ ನಿಂತಿದೆ. ಪಕ್ಕದಲ್ಲಿ ಕುಳಿತಿದ್ದ ವೃದ್ಧೆಯೊಬ್ಬರು ಕಿಟಕಿಯ ಕಡೆಗೆ ಕೈಮುಗಿದರು, ಮನೆಯವಳೂ ಮುಗಿದಳು.

ಸೂರ್ಯ, ಚಂದ್ರ, ನಕ್ಷತ್ರ

ಗಾಲೆಯ ಕೋಟೆಗೆ ಮೊದಲು ಮಣ್ಣೆತ್ತಿದವರು ಪೋರ್ಚುಗೀಸರು, 1588ರಲ್ಲಿ. 1640ರಲ್ಲಿ ಡಚ್ಚರು ಅದನ್ನು ಕಸಿದುಕೊಂಡು, ಮುಂದಿನ ದಶಕಗಳಲ್ಲಿ ಈಗಿನ ರೂಪಕ್ಕೆ ತಂದರು. ನೆಲದ ಕಡೆಗೆ ಮುಖ ಮಾಡಿರುವ ಮೂರು ದೊಡ್ಡ ಕೊತ್ತಳಗಳಿಗೆ ಅವರಿಟ್ಟ ಹೆಸರು ಸೂರ್ಯ, ಚಂದ್ರ, ನಕ್ಷತ್ರ. ಒಟ್ಟು ಹದಿನಾಲ್ಕು ಕೊತ್ತಳಗಳು.

ನಮ್ಮ ದೇವನಹಳ್ಳಿಯ ಕೋಟೆಯನ್ನು ನೋಡಿ ಬೆಳೆದ ಕಣ್ಣಿಗೆ ಇವು ವಿಚಿತ್ರವಾಗಿ ಕಂಡವು. ನಮ್ಮಲ್ಲಿ ಕೊತ್ತಳ ದುಂಡಗಿರುತ್ತದೆ. ಇಲ್ಲಿ ಬಾಣದ ತುದಿಯಂತೆ ಚೂಪಾಗಿ ಮುಂದಕ್ಕೆ ಚಾಚಿದೆ. ದುಂಡು ಕೊತ್ತಳದ ಬುಡಕ್ಕೆ ಅಂಟಿ ನಿಂತ ಶತ್ರು ಅಕ್ಕಪಕ್ಕದ ಗುಂಡಿಗೆ ಸಿಕ್ಕದೆ ಮರೆಯಾಗಬಲ್ಲನು. ಚೂಪು ಕೊತ್ತಳದಲ್ಲಿ ಒಂದರ ಮಗ್ಗುಲನ್ನು ಇನ್ನೊಂದರ ತೋಪು ಕಾಯುವುದರಿಂದ ಅಡಗುವ ಅಂಗುಲ ನೆಲವೂ ಉಳಿಯುವುದಿಲ್ಲ. ಪಾಠ ಹೇಳುವಾಗ ಕರಿಹಲಗೆಯ ಮೇಲೆ ಎಷ್ಟೋ ಸಲ ಗೀಚಿದ್ದ ಆ ರೇಖೆಯನ್ನು ಅಂದು ಕಾಲಲ್ಲಿ ನಡೆದು ಮುಗಿಸಿದೆ.

ಹಳೆಯ ಬಾಗಿಲಿನ ಒಳಮುಖದಲ್ಲಿ ಡಚ್ ಕಂಪೆನಿಯ ಲಾಂಛನವಿದೆ: ಎರಡು ಸಿಂಹಗಳು, ನಡುವೆ ಕಂಪೆನಿಯ ಅಕ್ಷರಗಳು, ನೆತ್ತಿಯ ಮೇಲೆ ಹುಂಜ, ಕೆಳಗೆ 1669ನೆಯ ಇಸವಿ. ಗಾಲೆ ಎಂಬ ಹೆಸರನ್ನು ಕೇಳಿದ ಯೂರೋಪಿಯನರಿಗೆ ಲ್ಯಾಟಿನ್ನಿನ ‘ಗಾಲಸ್’, ಎಂದರೆ ಹುಂಜ, ನೆನಪಾಗಿ ಅದನ್ನೇ ಊರಿನ ಗುರುತಾಗಿ ಕೆತ್ತಿಸಿಬಿಟ್ಟರು. ಅದೇ ಬಾಗಿಲಿನ ಹೊರಮುಖದಲ್ಲಿ ಬ್ರಿಟಿಷರ ಲಾಂಛನ. ಒಂದೇ ಗೋಡೆಯ ಎರಡು ಮುಖಗಳಲ್ಲಿ ಎರಡು ಸಾಮ್ರಾಜ್ಯಗಳು ಬೆನ್ನಿಗೆ ಬೆನ್ನು ಹಚ್ಚಿ ನಿಂತಿವೆ.

ಆದರೆ ಈ ಕೋಟೆಯ ನಿಜವಾದ ಸಿರಿ ಅದರೊಳಗಿನ ಜೀವನ. ಇದು ಟಿಕೇಟು ಕೊಟ್ಟು ನೋಡಿ ಬರುವ ಹಾಳುಸ್ಥಳವಲ್ಲ. ಒಳಗೆ ಮನೆಗಳಿವೆ, ನ್ಯಾಯಾಲಯವಿದೆ, ವಕೀಲರ ಕಚೇರಿಗಳಿವೆ, ಅಂಚೆಮನೆಯಿದೆ, ಮಸೀದಿಯಿದೆ, ಬೌದ್ಧ ವಿಹಾರವಿದೆ. 1988ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೂ ಅಲ್ಲಿನ ಅಜ್ಜಿಯರು ಜಗಲಿಯ ಮೇಲೆ ಮಂಕರಿ ಇಟ್ಟುಕೊಂಡು ಸೊಪ್ಪು ಸೋಸುವುದನ್ನು ನಿಲ್ಲಿಸಿಲ್ಲ. ಬೀದಿಗಳ ಅಡಿಯಲ್ಲಿ ಡಚ್ಚರು ಇಟ್ಟಿಗೆಯಿಂದ ಕಟ್ಟಿದ ಚರಂಡಿಗಳು, ಉಬ್ಬರ ಇಳಿತಗಳ ನೀರು ತಾನಾಗಿ ಒಳನುಗ್ಗಿ ಹೊಲಸನ್ನು ತೊಳೆದು ಒಯ್ಯುವಂತೆ ಲೆಕ್ಕಹಾಕಿ ರಚಿತವಾದವು.

2004ರ ಆ ಬೆಳಗ್ಗೆ ಗಾಲೆಯ ಪೇಟೆ, ಬಸ್ಸಿನ ನಿಲ್ದಾಣ, ಕೋಟೆಯ ಹೊರಗಿನ ಕ್ರಿಕೆಟ್ ಮೈದಾನ ಎಲ್ಲವೂ ನೀರಿನಲ್ಲಿ ಮುಳುಗಿದಾಗ, ಗೋಡೆಯ ಒಳಗಿದ್ದವರು ಬಹುಮಟ್ಟಿಗೆ ಸುರಕ್ಷಿತವಾಗಿ ಉಳಿದರು. ತೋಪಿನ ಗುಂಡಿಗಾಗಿ ಕಟ್ಟಿದ ಗೋಡೆ ಕಡಲಿಗೆ ಎದೆಗೊಟ್ಟಿತು.

1755ರ ಡಚ್ ಇಗರ್ಜಿಯೊಳಗೆ ಕಾಲಿಟ್ಟರೆ ನೆಲವೆಲ್ಲ ಸಮಾಧಿಯ ಕಲ್ಲುಗಳು. ತಲೆಬುರುಡೆ, ಅಡ್ಡ ಮೂಳೆ, ವಂಶದ ಲಾಂಛನ. ಬಹುಕಾಲ ಮಕ್ಕಳಿಲ್ಲದೆ ಕೊರಗಿದ ಇಲ್ಲಿನ ಡಚ್ ಅಧಿಕಾರಿಯೊಬ್ಬನೂ ಅವನ ಪತ್ನಿಯೂ ಹೆಣ್ಣುಮಗು ಹುಟ್ಟಿದ ಕೃತಜ್ಞತೆಗಾಗಿ ಇದನ್ನು ಕಟ್ಟಿಸಿದರೆಂದು ಊರಿನವರು ಹೇಳುತ್ತಾರೆ. ನಾನು ಶಿಲಾಲೇಖಗಳ ಇಸವಿಗಳನ್ನು ಗುರುತು ಹಾಕಿಕೊಳ್ಳುತ್ತಿದ್ದಾಗ ಮನೆಯವಳು ಅಂದಳು: “ಹಂಗಾದ್ರೆ ಇದು ಹರಕೆಯ ಗುಡಿ.” ಅದಕ್ಕಿಂತ ಸರಿಯಾದ ಹೆಸರನ್ನು ಯಾವ ಮಾರ್ಗದರ್ಶಿ ಪುಸ್ತಕವೂ ಕೊಟ್ಟಿಲ್ಲ.

► ಗಾಲೆಯ ಮೈದಾನದಲ್ಲಿ ಕನ್ನಡಿಗ
ಕೋಟೆಯ ಗೋಡೆಯ ಮೇಲೆ ನಿಂತರೆ ಕೆಳಗಿನ ಕ್ರಿಕೆಟ್ ಮೈದಾನ ಪೂರ್ತಿ ಕಾಣುತ್ತದೆ. 1998ರಲ್ಲಿ ಇಲ್ಲಿ ಮೊದಲ ಟೆಸ್ಟ್ ಪಂದ್ಯ ನಡೆಯಿತು. ಸುನಾಮಿಯಲ್ಲಿ ನಾಶವಾದ ಮೈದಾನ 2007ರ ಡಿಸೆಂಬರಿನಲ್ಲಿ ಮತ್ತೆ ತೆರೆಯಿತು. 2008ರಲ್ಲಿ ಬೆಂಗಳೂರಿನ ಅನಿಲ್ ಕುಂಬ್ಳೆಯವರ ನಾಯಕತ್ವದಲ್ಲಿ ಭಾರತ ಇಲ್ಲಿ ಗೆದ್ದಿತು. 2010ರ ಜುಲೈಯಲ್ಲಿ ಮುತ್ತಯ್ಯ ಮುರಳೀಧರನ್ ತಮ್ಮ 800ನೆಯ ಹಾಗೂ ಕೊನೆಯ ಟೆಸ್ಟ್ ವಿಕೆಟ್ ಪಡೆದದ್ದೂ ಇಲ್ಲಿಯೇ, ಭಾರತದ ವಿರುದ್ಧ.

ಚಕ್ಕೆಯ ಸುಲಿತ

ಗಾಲೆಯಿಂದ ಪೂರ್ವಕ್ಕೆ ತೀರದ ದಾರಿಯಲ್ಲಿ ಕೊಗ್ಗಲ, ಅಹಂಗಮ, ವೆಲಿಗಮಗಳು ಸಾಲಾಗಿ ಬರುತ್ತವೆ. ನೀರಿನಲ್ಲಿ ನೆಟ್ಟ ಕಂಬದ ಮೇಲೆ ಕುಳಿತು ಗಾಳ ಹಾಕುವ ಬೆಸ್ತರ ಚಿತ್ರವನ್ನು ನೋಡದವರಿಲ್ಲ. ಈಗ ಅವರಲ್ಲಿ ಅನೇಕರ ಜೀವನ ಮೀನಿಗಿಂತ ಹೆಚ್ಚಾಗಿ ಪ್ರವಾಸಿಗರು ಕೊಡುವ ಹಣದಿಂದ ನಡೆಯುತ್ತದೆ. ಸುನಾಮಿಯ ಬಳಿಕ ತೀರದ ಬದುಕು ಎಷ್ಟು ಕೆಟ್ಟಿತೆಂಬುದನ್ನು ಅರಿತವರಾರೂ ಅದಕ್ಕಾಗಿ ಅವರನ್ನು ದೂರಲಾರರು. ನಾವು ಹಣ ಕೊಟ್ಟೆವು, ಚಿತ್ರ ತೆಗೆಯಲಿಲ್ಲ.

ಅಹಂಗಮದಿಂದ ಒಳಗಿನ ತೋಟವೊಂದರಲ್ಲಿ ಕಳೆದ ಮುಂಜಾನೆಯನ್ನು ಮಾತ್ರ ಮರೆಯಲಾರೆ. ಅಲ್ಲಿ ‘ಕುರುಂದು’ ಸುಲಿಯುತ್ತಿದ್ದರು. ನಮ್ಮ ಅಡಿಗೆಮನೆಯ ಚಕ್ಕೆ.

ಹೆಬ್ಬೆರಳಿನ ದಪ್ಪದ ಹಸಿ ಕೊಂಬೆಯನ್ನು ಕಾಲ ಬೆರಳುಗಳ ನಡುವೆ ಸಿಕ್ಕಿಸಿಕೊಂಡು ನೆಲದ ಮೇಲೆ ಕುಳಿತ ಮನುಷ್ಯ ಮೊದಲು ಮೇಲಿನ ಒರಟು ಸಿಪ್ಪೆಯನ್ನು ಬಾಗಿದ ಹೆರೆಗತ್ತಿಯಿಂದ ಹೆರೆದು ಹಾಕಿದನು. ಅನಂತರ ಹಿತ್ತಾಳೆಯ ಒಂದು ಕಡ್ಡಿಯಿಂದ ಕೊಂಬೆಯ ಮೈಯನ್ನು ತಿಕ್ಕಿದನು, ಒಳತೊಗಟೆ ಮರದಿಂದ ಸಡಿಲವಾಗುವವರೆಗೆ. ಸಣ್ಣ ಚಾಕುವಿನ ತುದಿಯಿಂದ ಉದ್ದಕ್ಕೆ ಎರಡು ಗೀರು ಎಳೆದು, ಅಲಗನ್ನು ಒಳಗೆ ತೂರಿ ಮೆಲ್ಲಗೆ ಜಾರಿಸಿದಾಗ, ಕೂಸಿನ ಕೈಯಿಂದ ಬಳೆ ತೆಗೆದ ಹಾಗೆ ತೊಗಟೆ ಇಡಿಯಾಗಿ ಕಳಚಿ ಬಂದಿತು.

ಆ ತೊಗಟೆಯ ಕೊಳವೆಯೊಳಗೆ ಚೂರುಗಳನ್ನು ತುಂಬಿ, ಒಂದರ ಬಾಯಿಗೆ ಇನ್ನೊಂದನ್ನು ಸೇರಿಸಿ ಕೋಲಿನಂತೆ ಉದ್ದ ಮಾಡಿ, ಛಾವಣಿಯ ಕೆಳಗೆ ಕಟ್ಟಿದ ಹಗ್ಗಗಳ ಮೇಲೆ ನೆರಳಿನಲ್ಲಿ ಒಣಗಲು ಇಡುತ್ತಾರೆ. ಬಿಸಿಲಿಗೆ ಇಟ್ಟರೆ ಕೆಡುತ್ತದೆಯಂತೆ. ಒಣಗಿದಂತೆ ತೊಗಟೆ ತಾನಾಗಿ ಒಳಕ್ಕೆ ಸುರುಳಿಗೊಳ್ಳುತ್ತದೆ.

ಮನೆಯವಳು ಒಂದು ತುಂಡನ್ನು ಮುರಿದು ಮೂಸಿ, ಬಾಯಿಗೆ ಹಾಕಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಇದು ಸಿಹಿ ಐತೆ. ನಮ್ಮ ಅಂಗಡೀಲಿ ಸಿಗೋದು ಖಾರ.” ಅವಳ ನಾಲಿಗೆ ಹೇಳಿದ್ದು ನಿಜ. ನಮ್ಮ ಪೇಟೆಗಳಲ್ಲಿ ಚಕ್ಕೆಯೆಂದು ಬರುವುದು ಬಹುಪಾಲು ಚೀನಾ, ವಿಯೆಟ್ನಾಮ್ ಕಡೆಯ ಕಾಸಿಯ ಎಂಬ ಬೇರೆ ಮರದ ತೊಗಟೆ. ಅದು ದಪ್ಪ, ಒಂದೇ ಪದರ, ಕಡುಖಾರ. ಲಂಕೆಯದು ಕಾಗದದಂತೆ ತೆಳುವಾದ ಹಲವು ಪದರಗಳ ಸುರುಳಿ.

ಈ ತೆಳುವಾದ ಸುರುಳಿಗಾಗಿಯೇ ಪೋರ್ಚುಗೀಸರೂ ಡಚ್ಚರೂ ಈ ದ್ವೀಪಕ್ಕೆ ಬಂದು ಆ ಕೋಟೆಗಳನ್ನೆಲ್ಲ ಕಟ್ಟಿದರು. ಕಾಡಿನಿಂದ ಚಕ್ಕೆ ಸುಲಿದು ತರುವ ಹೊರೆಯನ್ನು ಡಚ್ಚರು ಸಲಾಗಮ ಎಂಬ ಒಂದು ಜಾತಿಯ ಜನರ ಮೇಲೆ ಕಡ್ಡಾಯವಾಗಿ ಹೊರಿಸಿದ್ದರು. ಕಳ್ಳತನದಿಂದ ಮಾರಿದವನಿಗೂ ಗಿಡ ಕಡಿದವನಿಗೂ ಮರಣದಂಡನೆಯವರೆಗೆ ಶಿಕ್ಷೆಯಿತ್ತು. ಪಾಯಸಕ್ಕೂ ಪಲಾವಿಗೂ ಹಾಕುವ ಒಂದು ತುಂಡಿಗಾಗಿ ಮನುಷ್ಯನ ಪ್ರಾಣ.

ಮಧ್ಯಾಹ್ನ ಅದೇ ತೋಟದ ಮನೆಯಲ್ಲಿ ಎಲೆಯ ಮೇಲೆ ಬಡಿಸಿದ ಕಂದುಬಣ್ಣದ ರೊಟ್ಟಿಯನ್ನು ಕಂಡು ಅವಳ ಮುಖ ಅರಳಿತು. ‘ಕುರಕ್ಕನ್’ ರೊಟ್ಟಿ, ಎಂದರೆ ರಾಗಿಯ ರೊಟ್ಟಿ. ದಕ್ಷಿಣ ಲಂಕೆಯ ಒಣಸೀಮೆಯ ರೈತರ ಬೆಳೆ ಅದು. ಆ ಸೀಮೆಯಿಂದ ಬಂದ ರಾಜಪಕ್ಸ ಮನೆತನದವರು ಹೆಗಲ ಮೇಲೆ ಹಾಕುವ ಕಂದು ವಸ್ತ್ರ ರಾಗಿಯ ಬಣ್ಣವನ್ನೇ ಸೂಚಿಸುತ್ತದೆಂದು ಆ ಮನೆಯ ಯಜಮಾನನು ಹೇಳಿದನು. ನಾವು ರಾಗಿಯನ್ನು ಮುದ್ದೆ ಮಾಡಿ ನುಂಗುತ್ತೇವೆಂದು ಕೈಸನ್ನೆಯಿಂದ ತಿಳಿಸಿದಾಗ ಅವನ ತಾಯಿ ಬಹಳ ಹೊತ್ತು ನಂಬಲಿಲ್ಲ.

ದಕ್ಷಿಣದ ಕೊನೆ

ದೊಂದ್ರಾ ಎಂದು ಭೂಪಟದಲ್ಲಿರುವ ಊರನ್ನು ಅಲ್ಲಿಯವರು ದೇವಿನುವರ, ಎಂದರೆ ದೇವನಗರ, ಎನ್ನುತ್ತಾರೆ. ದೇವನಹಳ್ಳಿಯಿಂದ ವಿಮಾನವೇರಿ ದೇವಿನುವರಕ್ಕೆ ಬಂದೆವು. ದ್ವೀಪದ ದಕ್ಷಿಣದ ಕೊನೆಯ ಅಂಚು ಇದು. ಇಲ್ಲಿನ ಅಷ್ಟಕೋನದ ಬಿಳಿಯ ದೀಪಸ್ತಂಭದ ಎತ್ತರ 49 ಮೀಟರು, ಲಂಕೆಯಲ್ಲೇ ಅತ್ಯುನ್ನತ. ಅದರ ಬುಡದಲ್ಲಿ ತೆಂಗಿನ ಮರಗಳು ಮುಗಿಯುತ್ತವೆ, ಬಂಡೆಗಳು ಮುಗಿಯುತ್ತವೆ. ಆಮೇಲೆ ದಕ್ಷಿಣಧ್ರುವದ ಹಿಮದವರೆಗೆ ನೀರು.

ಇಲ್ಲಿದ್ದ ವಿಷ್ಣುವಿನ ಮಹಾಮಂದಿರವನ್ನು 1344ರಲ್ಲಿ ಇಬ್ನ್ ಬತೂತ ಕಂಡು ಬೆರಗಾಗಿ ಬರೆದಿದ್ದಾನೆ. ನಮ್ಮ ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದುವೆಂದು ದಾಖಲಿಸಿದ ಪ್ರವಾಸಿ ಆತನೇ. ಹೊನ್ನಾವರದ ಆ ಶಾಲೆಗಳ ಮಾತನ್ನು ಎಷ್ಟೋ ವರ್ಷ ತರಗತಿಯಲ್ಲಿ ಹೇಳಿದ ನನಗೆ, ಅದೇ ಮನುಷ್ಯ ನಡೆದ ಮರಳಿನ ಮೇಲೆ ನಿಂತಾಗ ಮೈನವಿರೆದ್ದಿತು. ಮಂದಿರವನ್ನು 1588ರಲ್ಲಿ ಪೋರ್ಚುಗೀಸರು ಸುಟ್ಟು ನೆಲಸಮ ಮಾಡಿದರು, ಗಾಲೆಯಲ್ಲಿ ಕೋಟೆಯೆಬ್ಬಿಸಿದ ಅದೇ ವರ್ಷದಲ್ಲಿ.

► ಒಂದು ಕಲ್ಲು, ಮೂರು ಭಾಷೆ
ಚೀನಾದ ನೌಕಾಧಿಪತಿ ಝೆಂಗ್ ಹೆ 1409ನೆಯ ಇಸವಿಯ ಶಾಸನವೊಂದನ್ನು ಲಂಕೆಗೆ ತಂದನು. ಅದರ ಚೀನೀ ಪಾಠದಲ್ಲಿ ಬುದ್ಧನಿಗೆ, ತಮಿಳು ಪಾಠದಲ್ಲಿ ದೊಂದ್ರಾದ ವಿಷ್ಣುವಿಗೆ, ಪಾರಸಿ ಪಾಠದಲ್ಲಿ ಅಲ್ಲಾಹನಿಗೆ ಕಾಣಿಕೆ ಅರ್ಪಿಸಲಾಗಿದೆ. 1911ರಲ್ಲಿ ಅದು ಸಿಕ್ಕಿದಾಗ ಗಾಲೆಯ ಮೋರಿಯೊಂದಕ್ಕೆ ಮುಚ್ಚುಗಲ್ಲಾಗಿತ್ತು. ಈಗ ಕೊಲಂಬೊ ವಸ್ತುಸಂಗ್ರಹಾಲಯದಲ್ಲಿದೆ.

► ಕರ್ಣಾಟಕ್ಕೆ ಹೊರಟ ದೂತರು
ಲಂಕೆಯ ಪ್ರಾಚೀನ ವೃತ್ತಾಂತ ‘ಚೂಳವಂಶ’ದಲ್ಲಿ ನಮ್ಮ ನಾಡಿನ ಉಲ್ಲೇಖವಿದೆ. ಹನ್ನೊಂದನೆಯ ಶತಮಾನದಲ್ಲಿ ಚೋಳರನ್ನು ದ್ವೀಪದಿಂದ ಹೊರಗಟ್ಟಿದ ಒಂದನೆಯ ವಿಜಯಬಾಹುವು ಕರ್ಣಾಟದ ಅರಸನಿಗೆ ಉಡುಗೊರೆಗಳೊಡನೆ ದೂತರನ್ನು ಕಳುಹಿಸಿದನು. ಚೋಳರ ನೆಲದಲ್ಲಿ ಆ ದೂತರ ಕಿವಿ ಮೂಗುಗಳನ್ನು ಕೊಯ್ದರು. ಆ ಕರ್ಣಾಟದ ಅರಸು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯ.

ಗಿಣ್ಣಿನೊಳಗಿನ ಪತ್ರ

ಗಾಲೆಗೆ ಮರಳಿದ ರಾತ್ರಿ, ಕೋಟೆಯೊಳಗಿನ ಮನೆಯ ಜಗಲಿಯಲ್ಲಿ ಕುಳಿತು, ನಾನು ಈ ಪಯಣವನ್ನು ಏಕೆ ಆರಿಸಿಕೊಂಡೆನೆಂಬುದನ್ನು ಮೊದಲ ಸಲ ಅವಳಿಗೆ ಪೂರ್ತಿ ಹೇಳಿದೆ.

ಲಂಕೆಯ ಡಚ್ ಕೋಟೆಗಳನ್ನು ಕಾಯುತ್ತಿದ್ದ ಸೇನೆಯಲ್ಲಿ ಒಂದು ಬಾಡಿಗೆಯ ಪಲ್ಟಣವಿತ್ತು. ಸ್ವಿಟ್ಜರ್ಲೆಂಡಿನ ನೂಶಾಟೆಲ್ ಸೀಮೆಯ ಷಾರ್ಲ್ ದಾನಿಯೆಲ್ ದ ಮೊರೋ ಎಂಬ ಶ್ರೀಮಂತನು 1781ರಲ್ಲಿ ಡಚ್ ಕಂಪೆನಿಗಾಗಿ ಕಟ್ಟಿದ ಪಲ್ಟಣ ಅದು. ಲಂಕೆಯಲ್ಲಿ ಅದರ ಹೊಣೆ ಅವನ ತಮ್ಮನದು. 1795ರಲ್ಲಿ ಫ್ರೆಂಚರು ಹಾಲೆಂಡನ್ನು ಆಕ್ರಮಿಸಿದಾಗ, ಲಂಕೆಯ ಮೇಲೆ ಕಣ್ಣಿಟ್ಟ ಬ್ರಿಟಿಷರು ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾಗಿದ್ದ ಹ್ಯೂ ಕ್ಲೆಗಾರ್ನನನ್ನು ಗುಟ್ಟಾಗಿ ಆ ಶ್ರೀಮಂತನ ಬಳಿಗೆ ಕಳುಹಿಸಿ ಇಡೀ ಪಲ್ಟಣವನ್ನೇ ಹಣ ಕೊಟ್ಟು ತಮ್ಮ ಕಡೆಗೆ ತಿರುಗಿಸಿಕೊಂಡರು.

ಒಪ್ಪಂದದ ಸುದ್ದಿ ಕೊಲಂಬೊ ಕೋಟೆಯೊಳಗಿನ ತಮ್ಮನಿಗೆ ತಲಪಿದ್ದು ಹೇಗೆ? ಡಚ್ ಗಿಣ್ಣಿನ ಒಂದು ಉಂಡೆಯೊಳಗೆ ಪತ್ರವನ್ನು ಅಡಗಿಸಿ ಕಳುಹಿಸಿದರೆಂಬ ಕಥೆ ಲಂಕೆಯಲ್ಲಿ ಇಂದಿಗೂ ಪ್ರಚಲಿತವಾಗಿದೆ. ಗಿಣ್ಣಿನ ಮಾತು ಹೇಗೇ ಇರಲಿ, ಪಲ್ಟಣ ಪಕ್ಷ ಬದಲಿಸಿದ್ದು ನಿಶ್ಚಯ. 1796ರ ಫೆಬ್ರುವರಿಯಲ್ಲಿ ಕೊಲಂಬೊ ಶರಣಾಯಿತು. ಕೆಲವೇ ದಿನಗಳಲ್ಲಿ, ಒಂದು ಗುಂಡೂ ಹಾರದೆ, ಗಾಲೆಯ ಬೀಗದ ಕೈಗಳು ಬ್ರಿಟಿಷರಿಗೆ ಸೇರಿದವು. ಸೂರ್ಯ, ಚಂದ್ರ, ನಕ್ಷತ್ರ ಮೂರೂ ಕೊತ್ತಳಗಳು ಸುಮ್ಮನೆ ನೋಡುತ್ತಿದ್ದವು.

“ಅದಕ್ಕೂ ನಮಗೂ ಏನ್ರೀ ಸಂಬಂಧ?” ಎಂದಳು.

ಸಂಬಂಧವಿದೆ. ಐದು ವರ್ಷಗಳ ಹಿಂದಷ್ಟೇ, 1791ರ ಮಾರ್ಚಿಯಲ್ಲಿ, ಕಾರ್ನ್‌ವಾಲಿಸನ ಸೇನೆ ಕೋಲಾರವನ್ನು ಹಿಡಿದು ನಮ್ಮ ಹೊಸಕೋಟೆಯ ಮೇಲೆ ಹಾದು ಬೆಂಗಳೂರನ್ನು ಮುತ್ತಿತ್ತು. ಅದೇ ವರ್ಷ ಟಿಪ್ಪು ಹುಟ್ಟಿದ ದೇವನಹಳ್ಳಿಯ ಕೋಟೆಯೂ ಅವರ ಕೈಗೆ ಹೋಯಿತು. ಆ ಸೋಲಿನಿಂದ ಕಲಿತ ಟಿಪ್ಪು ಸುಲ್ತಾನನು 1796ರಲ್ಲಿ ನೌಕಾಪಡೆಗೆಂದೇ ಪ್ರತ್ಯೇಕ ಇಲಾಖೆ ರಚಿಸಿ, ಯುದ್ಧದ ಹಡಗುಗಳನ್ನು ಕಟ್ಟಿಸಲು ಆಜ್ಞೆಯಿತ್ತನು. ಅದೇ ವರ್ಷ ಲಂಕೆಯ ಬಂದರುಗಳು ಶತ್ರುವಿನ ವಶವಾದವು. ಹಡಗುಗಳು ಸಿದ್ಧವಾಗುವ ಮೊದಲೇ ಕಡಲು ಕೈತಪ್ಪಿತು.

ಡಚ್ಚರ ಕಾವಲಿನ ಹೊಣೆ ಕಳಚಿದ ಮೊರೋ ಪಲ್ಟಣವನ್ನು ಬ್ರಿಟಿಷರು ದಕ್ಷಿಣ ಭಾರತಕ್ಕೆ ಸಾಗಿಸಿದರು. 1799ರ ಮೇ 4ರ ಮಧ್ಯಾಹ್ನ ಕಾವೇರಿಯನ್ನು ದಾಟಿ ಶ್ರೀರಂಗಪಟ್ಟಣದ ಒಡೆದ ಗೋಡೆಯ ಮೇಲೆ ನುಗ್ಗಿದ ತುಕಡಿಗಳಲ್ಲಿ ಆ ಸ್ವಿಸ್ ಸೈನಿಕರೂ ಇದ್ದರು. ಹಾಲೆಂಡಿನ ಸಂಬಳ ತಿಂದು ಲಂಕೆಯ ಚಕ್ಕೆಯನ್ನು ಕಾದವರು, ಇಂಗ್ಲೆಂಡಿನ ಸಂಬಳಕ್ಕೆ ಮೈಸೂರಿನ ಸುಲ್ತಾನನ ಮೇಲೆ ಬಂದರು. ಪಾಠಪುಸ್ತಕಗಳಲ್ಲಿ ಆ ದಿನಕ್ಕೆ ಒಂದು ಪುಟವಿದೆ. ಈ ಪಲ್ಟಣಕ್ಕೆ ಒಂದು ಸಾಲೂ ಇಲ್ಲ. ಮೂವತ್ತು ವರ್ಷ ನಾನೂ ಹೇಳಲಿಲ್ಲ. ಆ ಸಂಕೋಚ ನನ್ನಲ್ಲಿದೆ.

ಅವಳು ಗೋಡೆಯ ಕಡೆಗೆ ನೋಡುತ್ತ ಕುಳಿತಿದ್ದಳು. ದೀಪಸ್ತಂಭದ ಬೆಳಕು ಸುತ್ತಿ ಸುತ್ತಿ ಬಂದು ಹೆಂಚುಗಳ ಮೇಲೆ ಹಾಯುತ್ತಿತ್ತು. “ಅವರಿಗೂ ಊರು ಇತ್ತಲ್ವಾ, ಮನೆ ಇತ್ತಲ್ವಾ. ಎಲ್ಲಿ ಸತ್ತರೋ ಪಾಪ” ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿತ್ತು. ಆದರೆ ಬಾಯಿಮಾತಿನಲ್ಲಿ ಹೇಳದೆ ಕರೆದೊಯ್ದು ತೋರಿಸುವುದೇ ಲೇಸೆನ್ನಿಸಿತು.

► ಅಜ್ಜ ಲಂಕೆಯಲ್ಲಿ, ಮೊಮ್ಮಗ ಶಿವಮೊಗ್ಗದಲ್ಲಿ
ಮೊರೋ ಪಲ್ಟಣವನ್ನು ಒಲಿಸಿಕೊಂಡ ಪ್ರಾಧ್ಯಾಪಕ ಕ್ಲೆಗಾರ್ನನ ಮೊಮ್ಮಗನ ಹೆಸರೂ ಹ್ಯೂ ಕ್ಲೆಗಾರ್ನ್. ಮದರಾಸಿನಲ್ಲಿ 1820ರಲ್ಲಿ ಹುಟ್ಟಿ, ವೈದ್ಯನಾಗಿ ಶಿವಮೊಗ್ಗದಲ್ಲಿ ಕೆಲಸ ಮಾಡುತ್ತ ಅಲ್ಲಿನ ಗಿಡಮರಗಳ ಚಿತ್ರಗಳನ್ನು ಬರೆಯಿಸಿದ ಈತ, 1856ರಲ್ಲಿ ಮದರಾಸು ಪ್ರಾಂತದ ಅರಣ್ಯ ಸಂರಕ್ಷಣಾಧಿಕಾರಿಯಾದನು. ಭಾರತದ ಅರಣ್ಯ ಇಲಾಖೆಗೆ ತಳಹದಿ ಹಾಕಿದವರಲ್ಲಿ ಈತನೂ ಒಬ್ಬ.

ಕಾವೇರಿಯ ದಡ

ಊರಿಗೆ ಮರಳಿದ ಎರಡನೆಯ ಭಾನುವಾರ ಬೆಳಗಿನ ಜಾವ ಬಸ್ಸು ಹಿಡಿದು ಶ್ರೀರಂಗಪಟ್ಟಣಕ್ಕೆ ಹೋದೆವು. ರಂಗನಾಥನ ದರ್ಶನಕ್ಕೆಂದು ಅವಳು ನಾಲ್ಕಾರು ಬಾರಿ ಬಂದ ಊರೇ; ಈ ಸಲ ದೇವಸ್ಥಾನ ಮುಗಿಸಿಕೊಂಡು ಹೆದ್ದಾರಿಯ ಸಮೀಪದಲ್ಲಿರುವ, ಯಾರೂ ಇಳಿಯದ ಒಂದು ಗೇಟಿನ ಬಳಿಗೆ ಕರೆದುಕೊಂಡು ಹೋದೆ. ದಂಡಿನ ಸ್ಮಶಾನ ಅದು. ಕಾವೇರಿಯ ದಡದಲ್ಲಿ ಸುಮಾರು 300 ಸಮಾಧಿಗಳಿವೆ. ಕೆಲವು ಗೋಪುರದಂತೆ, ಕೆಲವು ಪೆಟ್ಟಿಗೆಯಂತೆ, ಕೆಲವು ಹೆಸರೂ ಉಳಿಯದ ಗಾರೆಯ ದಿಬ್ಬಗಳು. ಮುತ್ತಿಗೆಯಲ್ಲಿ ಸತ್ತವರಷ್ಟೇ ಅಲ್ಲ, ಅನಂತರದ ವರ್ಷಗಳಲ್ಲಿ ಜ್ವರಕ್ಕೆ ತುತ್ತಾದ ಅಧಿಕಾರಿಗಳು, ಅವರ ಹೆಂಡಿರು ಮಕ್ಕಳು ಇಲ್ಲಿದ್ದಾರೆ.

ಅವುಗಳ ನಡುವೆ ಮೊರೋ ಪಲ್ಟಣದವರ ಕಲ್ಲುಗಳನ್ನು ಹುಡುಕಿ ತೋರಿಸಿದೆ. 1799ರ ಬಳಿಕವೂ ವರ್ಷಗಟ್ಟಲೆ ಆ ಪಲ್ಟಣ ಇಲ್ಲಿಯೇ ಕಾವಲಿತ್ತು. ಈಚಿನ ವರ್ಷಗಳಲ್ಲಿ ಆ ಮನೆತನದ ವಂಶಜರು ಸ್ವಿಟ್ಜರ್ಲೆಂಡಿನಿಂದ ಬಂದು ತಮ್ಮ ಪೂರ್ವಿಕರ ಪಲ್ಟಣದ ಈ ನೆಲವನ್ನು ಜೀರ್ಣೋದ್ಧಾರ ಮಾಡಿಸಿದರು. ಇನ್ನೂರು ವರ್ಷದ ಹಿಂದಿನವರಿಗಾಗಿ ಏಳು ಕಡಲಾಚೆಯಿಂದ ಬಂದವರನ್ನು ನಾನು ಗೌರವದಿಂದ ನೆನೆಯುತ್ತೇನೆ.

ಮನೆಯವಳು ಗಾಲೆಯಲ್ಲಿ ಮಾಡಿದಂತೆಯೇ ಬಾಗಿ ಕಲ್ಲಿನ ಮೇಲೆ ಅಂಗೈಯನ್ನಿಟ್ಟಳು. “ಇದರಲ್ಲಿ ಜೇನುಗೂಡಿಲ್ಲ” ಎಂದಳು. ನಮ್ಮ ಸೀಮೆಯ ಗಟ್ಟಿ ಕಲ್ಲು. ತಲೆಯಲ್ಲಿ ಮುಡಿದಿದ್ದ ಕನಕಾಂಬರದ ದಂಡೆಯಿಂದ ಒಂದು ತುಂಡನ್ನು ಮುರಿದು ಅದರ ಮೇಲಿರಿಸಿ ಎದ್ದಳು.

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ವಾಹನಗಳು ಹಗಲೆಲ್ಲ ಆ ಸ್ಮಶಾನಕ್ಕೆ ಕೂಗಳತೆಯಲ್ಲಿ ಹಾದುಹೋಗುತ್ತವೆ. ಓದುಗರು ಮುಂದಿನ ಸಲ ದರಿಯಾ ದೌಲತ್ತಿಗೋ ಸಂಗಮಕ್ಕೋ ಹೋದಾಗ ಅರ್ಧ ಗಂಟೆಯ ಹೊತ್ತನ್ನು ಅಲ್ಲಿಗೂ ಕೊಡಬೇಕೆಂದು ಬೇಡುತ್ತೇನೆ. ಮಕ್ಕಳಿದ್ದರೆ ಜೊತೆಗೆ ಕರೆದೊಯ್ಯಿರಿ. ಕಲ್ಲಿನ ಮೇಲಿನ ಹೆಸರುಗಳನ್ನು ಓದಿ, ಆ ಜನ ಯಾವ ಕಡಲನ್ನು ದಾಟಿ ಬಂದರೆಂಬುದನ್ನು ಅವರಿಗೆ ಹೇಳಿರಿ.